ಚಿತ್ರದ ಬಗ್ಗೆ ಕೇಳಿದರು, ಅವಳನ್ನು ಕೇಳಲಿಲ್ಲ

ಕಳೆದ ತಿಂಗಳು ಪಕ್ಕದ ಹಳ್ಳಿಯ ಸಂಘದ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದುಕೊಂಡು, ನಡಾವಳಿ ಪುಸ್ತಕಕ್ಕೆ ಸಹಿ, ಹೆಬ್ಬೆಟ್ಟು ಎಲ್ಲಾ ಆದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಒಬ್ಬಾಕೆ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕುಳಿತೇ ಇದ್ದಳು. ಮದುವೆಯಾಗಿ ನಾಲ್ಕು ವರ್ಷ. ವರದಕ್ಷಿಣೆ ಬಾಕಿಗಾಗಿ ಅವಳ ಮನೆಯಲ್ಲಿ ನಡೆಯುತ್ತಿದ್ದ ಜಗಳ ನಮಗೆ ಗೊತ್ತಿದ್ದದ್ದೇ. ಅಂದು ಅವಳು ಹೇಳಿದ್ದು ಬೇರೆ. ಗಂಡ ರಾತ್ರಿ ಫೋನಿನಲ್ಲಿ ನೀಲಿಚಿತ್ರ ಹಚ್ಚುತ್ತಾನೆ, ನೋಡು ಎಂದು ಕೂದಲು ಹಿಡಿದು ಮುಖ ತಿರುಗಿಸುತ್ತಾನೆ, ಅದರಲ್ಲಿರುವಂತೆ ಮಾಡು ಎನ್ನುತ್ತಾನೆ. ಈಗ ಅವಳದೇ ವಿಡಿಯೊ ತೆಗೆದಿದ್ದಾನೆ. ತವರಿನಿಂದ ಹಣ ತರದಿದ್ದರೆ ಊರಿಗೆಲ್ಲಾ ತೋರಿಸುತ್ತೇನೆ ಎಂದು ಹೆದರಿಸುತ್ತಿದ್ದಾನೆ.

"ಗಂಡನೇ ಅಲ್ವಾ ಅಕ್ಕಾ, ಯಾರ ಹತ್ರ ಅಂತ ಹೇಳ್ಕೊಳ್ಳಿ?" ಎಂದಳು.

ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಹಿರಿಯಾಕೆಯೊಬ್ಬರು ಇದನ್ನು ಕೇಳಿಸಿಕೊಂಡು ನಿಂತರು. ಅವರಿಗೆ ಸಿಟ್ಟು ಬಂದಿತ್ತು. ಆದರೆ ಆ ಸಿಟ್ಟು ಹೊರಳಿದ್ದು ಬೇರೆ ಕಡೆಗೆ. "ಆ ಪಿಚ್ಚರಲ್ಲಿ ಇರ್ತಾರಲ್ಲ, ಆ ಹೆಂಗಸರಿಗೆ ನಾಚ್ಕೆ ಬೇಡ್ವಾ? ಅವರು ಮಾಡೋದ್ರಿಂದ ತಾನೇ ಇವರು ನೋಡೋದು?" ಎಂದರು.

ಈ ಪ್ರಶ್ನೆ ನನಗೆ ಹೊಸದಲ್ಲ. ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. ನಿಜ ಹೇಳಬೇಕೆಂದರೆ ಒಂದು ಕಾಲಕ್ಕೆ ನಾನೂ ಹಾಗೆಯೇ ಅಂದುಕೊಂಡಿದ್ದವಳು. ಅಂದು ಅವರಿಗೆ ಉತ್ತರವಾಗಿ ಒಬ್ಬ ಹೆಂಗಸಿನ ಕಥೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಅವಳು ನಮ್ಮವಳಲ್ಲ, ಅಮೆರಿಕದವಳು. ಆದರೆ ಅವಳ ಗಂಡನನ್ನು ನೀವು ಓದುತ್ತಲೇ ಗುರುತು ಹಿಡಿಯುತ್ತೀರಿ.

ಮೊದಲು ಈ ಚಿತ್ರಗಳ ವ್ಯಾಪಾರ ಎಲ್ಲಿಂದ ಬಂತೆಂದು ನೋಡೋಣ. ಸಿನಿಮಾ ಹುಟ್ಟಿದ ಕೆಲವೇ ವರ್ಷಗಳಲ್ಲಿ ಕಳ್ಳಚಿತ್ರಗಳೂ ಹುಟ್ಟಿದವು. ಅಮೆರಿಕದಲ್ಲಿ 1873ರಲ್ಲೇ ಕಾಮ್‌ಸ್ಟಾಕ್ ಕಾಯ್ದೆ ಬಂದು, ಅಶ್ಲೀಲವೆಂದು ಕಂಡದ್ದನ್ನು ಅಂಚೆಯಲ್ಲಿ ಕಳಿಸುವುದೇ ಅಪರಾಧವಾಗಿತ್ತು. ಗರ್ಭನಿರೋಧದ ಮಾಹಿತಿಯನ್ನೂ ಆ ಕಾಯ್ದೆ ಅಶ್ಲೀಲದ ಸಾಲಿಗೇ ಸೇರಿಸಿತ್ತು ಎಂಬುದನ್ನು ನಾವು ನೆನಪಿಡಬೇಕು. ಹೀಗಾಗಿ ಈ ಚಿತ್ರಗಳು ತಲೆಮರೆಸಿಕೊಂಡೇ ಓಡಾಡಿದವು. ಮಾತಿಲ್ಲದ ಸಣ್ಣ ಸಣ್ಣ ರೀಲುಗಳು. ಗಂಡಸರ ಕ್ಲಬ್ಬುಗಳಲ್ಲಿ, ಮದುವೆಗೆ ಮುಂಚಿನ ಗಂಡಸರ ಔತಣಕೂಟಗಳಲ್ಲಿ ಬಾಗಿಲು ಹಾಕಿಕೊಂಡು ತೋರಿಸುತ್ತಿದ್ದರು. ತೆಗೆದವರ ಹೆಸರಿಲ್ಲ, ನಟಿಸಿದವರ ಹೆಸರಿಲ್ಲ. ನೋಡುವವರೆಲ್ಲಾ ಗಂಡಸರು. ಪರದೆಯ ಮೇಲಿನ ಹೆಂಗಸು ಯಾರು, ಎಲ್ಲಿಂದ ಬಂದಳು, ಕೈಗೆ ಎಷ್ಟು ಸಿಕ್ಕಿತು ಎಂದು ಕೇಳುವ ಪ್ರಮೇಯವೇ ಇರಲಿಲ್ಲ.

1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಒಬ್ಬ ಮನುಷ್ಯ ತನ್ನ ಮನೆಯೊಳಗೆ ಇಂಥ ಚಿತ್ರ ಇಟ್ಟುಕೊಂಡರೆ ಅದು ಅಪರಾಧವಲ್ಲ ಎಂದಿತು. ಅದೇ ವರ್ಷ ಡೆನ್ಮಾರ್ಕ್ ದೇಶ ಇಂಥ ಚಿತ್ರಗಳ ಮೇಲಿನ ನಿಷೇಧವನ್ನೇ ತೆಗೆದುಹಾಕಿತು. 1970ರಲ್ಲಿ ಅಮೆರಿಕದ ಅಧ್ಯಕ್ಷರ ಆಯೋಗವೊಂದು ವಯಸ್ಕರ ಮಟ್ಟಿಗೆ ಈ ಕಾನೂನುಗಳನ್ನು ರದ್ದು ಮಾಡಬಹುದೆಂದು ವರದಿ ಕೊಟ್ಟಿತು. ಅಧ್ಯಕ್ಷ ನಿಕ್ಸನ್ ಅದನ್ನು ತಿರಸ್ಕರಿಸಿದರು. ಬಾಗಿಲು ಪೂರ್ತಿ ತೆರೆದಿರಲಿಲ್ಲ, ಪೂರ್ತಿ ಮುಚ್ಚಿಯೂ ಇರಲಿಲ್ಲ. ಆ ಸಂದಿಯಲ್ಲಿ ದುಡ್ಡು ಮಾಡಲು ನುಗ್ಗಿದವರಲ್ಲಿ ಮಾಫಿಯಾದವರೂ ಇದ್ದರು.

ಈಗ ನಾನು ಹೇಳಹೊರಟ ಹೆಂಗಸಿನ ವಿಷಯಕ್ಕೆ ಬರುತ್ತೇನೆ. ಆಕೆಯ ಹೆಸರು ಲಿಂಡಾ ಬೋರ್ಮನ್. ಹುಟ್ಟಿದ್ದು 1949ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಅಪ್ಪ ಪೊಲೀಸು. ಮಡಿವಂತ ಕ್ಯಾಥೊಲಿಕ್ ಮನೆ, ಬಿಗಿ ಕಟ್ಟುಪಾಡಿನ ತಾಯಿ. ಇಪ್ಪತ್ತರ ಆಸುಪಾಸಿನಲ್ಲಿ ಕಾರು ಅಪಘಾತವಾಗಿ ಮೈಯೆಲ್ಲಾ ಜರ್ಜರಿತವಾಗಿ, ಫ್ಲಾರಿಡಾದ ತಂದೆತಾಯಿಯ ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ಚಕ್ ಟ್ರೇನರ್ ಎಂಬುವನ ಪರಿಚಯವಾಯಿತು. ನಯವಾಗಿ ಮಾತಾಡುವವನು, ಕಾರಿನ ಬಾಗಿಲು ತೆಗೆದು ಹತ್ತಿಸುವವನು. ಬಿಗಿ ಮನೆಯಿಂದ ಹೊರಬರುವ ದಾರಿ ಸಿಕ್ಕಿತೆಂದು ಅವಳು ಅವನ ಜೊತೆ ಹೋದಳು. 1971ರಲ್ಲಿ ಮದುವೆಯಾಯಿತು.

ಮುಂದಿನದನ್ನು ಲಿಂಡಾಳೇ ನಂತರ ಬರೆದಿದ್ದಾಳೆ. ಹೊಡೆತ, ಒದೆತ. ಬಂದೂಕು ತೋರಿಸಿ ಬೆದರಿಕೆ. ಹಣಕ್ಕಾಗಿ ಪರಪುರುಷರ ಬಳಿ ಕಳಿಸುವುದು. ಫೋನಿನಲ್ಲಿ ಯಾರೊಡನೆ ಮಾತಾಡಿದರೂ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುವುದು. ಓಡಿಹೋದರೆ ನಿನ್ನ ಮನೆಯವರನ್ನು ಉಳಿಸುವುದಿಲ್ಲ ಎನ್ನುವುದು. ಟ್ರೇನರ್ ಅವಳನ್ನು ಹೊಡೆದದ್ದುಂಟೆಂದು ಒಪ್ಪಿಕೊಂಡ. ಆದರೆ ಬಲವಂತ ಮಾಡಿದ್ದನ್ನು ಕೊನೆಯವರೆಗೂ ಅಲ್ಲಗಳೆದ.

1972ರ ಜನವರಿಯಲ್ಲಿ ಮಯಾಮಿ ನಗರದಲ್ಲಿ ಕೆಲವೇ ದಿನಗಳಲ್ಲಿ ಒಂದು ಚಿತ್ರ ತೆಗೆದರು. ಹೆಸರು 'ಡೀಪ್ ಥ್ರೋಟ್'. ನಿರ್ದೇಶಕ ಜೆರಾರ್ಡ್ ಡಮಿಯಾನೊ. ಹಣ ಹಾಕಿದವರು, ಕೊಲಂಬೊ ಎಂಬ ಮಾಫಿಯಾ ಬಳಗದವರೆಂದು ಪೊಲೀಸರು ಗುರುತಿಸಿದ್ದ ಪೆರೈನೊ ಮನೆತನದವರು. ಖರ್ಚು ಸುಮಾರು 25,000 ಡಾಲರ್. ಲಿಂಡಾಳಿಗೆ 'ಲವ್‌ಲೇಸ್' ಎಂಬ ಹೊಸ ಹೆಸರಿಟ್ಟರು. ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಬಿಡುಗಡೆಯಾಯಿತು. ಅಲ್ಲಿಯವರೆಗೆ ಕತ್ತಲ ಕೋಣೆಯಲ್ಲಿದ್ದ ಚಿತ್ರಗಳು ಅಂದಿನಿಂದ ದೊಡ್ಡ ಥಿಯೇಟರಿಗೆ ಬಂದವು. ಸಿನಿಮಾ ತಾರೆಯರು, ಪತ್ರಕರ್ತರು, ದಂಪತಿಗಳು ಸಾಲುಗಟ್ಟಿ ಹೋಗಿ ನೋಡಿದರು. ದೊಡ್ಡ ದೊಡ್ಡ ಪತ್ರಿಕೆಗಳು ಇದನ್ನೊಂದು ಹೊಸ ಫ್ಯಾಷನ್ ಎಂದು ಬರೆದವು.

ಎಷ್ಟು ಕೋಟಿ ಗಳಿಸಿತೆಂಬುದಕ್ಕೆ ನಂಬುವಂಥ ಲೆಕ್ಕವೇ ಇಲ್ಲ. ಥಿಯೇಟರುಗಳಿಂದ ನಗದನ್ನೇ ಎಣಿಸಿ ಒಯ್ಯಲು ಜನ ಬರುತ್ತಿದ್ದರು. ಲಿಂಡಾಳ ಸಂಭಾವನೆಗೆ ಮಾತ್ರ ಲೆಕ್ಕವಿದೆ: 1,250 ಡಾಲರ್. ಅದನ್ನೂ ಗಂಡ ಇಟ್ಟುಕೊಂಡ ಎಂದು ಅವಳು ಬರೆದಿದ್ದಾಳೆ. ಕೂಲಿ ಹೆಂಡತಿಯದು, ಜೇಬು ಗಂಡನದು. ಈ ಲೆಕ್ಕ ನಮ್ಮ ಸಂಘದ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರದಲ್ಲಿ ಅವಳ ಕಾಲಿನ ಮೇಲೆ ಬಾಸುಂಡೆಯ ಗುರುತುಗಳಿವೆ. ಲಕ್ಷಾಂತರ ಜನ ಟಿಕೆಟ್ ಕೊಂಡು ನೋಡಿದರಲ್ಲ, ಅವರ ಕಣ್ಣ ಮುಂದೆಯೇ ಇದ್ದವು. ಆಕೆಯ ಉಳಿದದ್ದೆಲ್ಲಾ ಅವರಿಗೆ ಕಂಡಿತು. ಅದು ಕಾಣಲಿಲ್ಲ.

ಪೊಲೀಸರು ಮತ್ತು ಕೋರ್ಟು ಸುಮ್ಮನಿದ್ದರೇ? ಇಲ್ಲ. ಊರೂರಲ್ಲಿ ರೀಲು ಜಪ್ತಿ ಮಾಡಿದರು, ಮೊಕದ್ದಮೆ ಹೂಡಿದರು. ನ್ಯೂಯಾರ್ಕಿನಲ್ಲಿ ನಡೆದ ವಿಚಾರಣೆಯಲ್ಲಿ ಪಂಡಿತರು ಬಂದು ಚಿತ್ರದ ಪರ ಸಾಕ್ಷಿ ಹೇಳಿದರು. ಇದರಿಂದ ಸಮಾಜಕ್ಕೆ ಪ್ರಯೋಜನವಿದೆ ಎಂದರು. 1973ರ ಮಾರ್ಚಿಯಲ್ಲಿ ನ್ಯಾಯಾಧೀಶ ಜೋಯಲ್ ಟೈಲರ್ ಚಿತ್ರ ಅಶ್ಲೀಲವೆಂದು ತೀರ್ಪಿತ್ತರು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಿಲ್ಲರ್ ಪ್ರಕರಣದಲ್ಲಿ ಅಶ್ಲೀಲಕ್ಕೆ ಹೊಸ ಅಳತೆಗೋಲು ಕೊಟ್ಟಿತು. ಊರಿನ ಸಾಮಾನ್ಯ ಮನುಷ್ಯನ ದೃಷ್ಟಿಯಲ್ಲಿ ಅದು ಕಾಮವನ್ನೇ ಕೆರಳಿಸುವಂಥದೇ? ಕಾನೂನು ಹೆಸರಿಸಿದ ಕ್ರಿಯೆಯನ್ನು ಅಸಹ್ಯವಾಗಿ ತೋರಿಸಿದೆಯೇ? ಅದರಲ್ಲಿ ಸಾಹಿತ್ಯ, ಕಲೆ, ರಾಜಕೀಯ, ವಿಜ್ಞಾನ ಯಾವುದರ ಗಂಭೀರ ಬೆಲೆಯೂ ಇಲ್ಲವೇ? ಈ ಮೂರಕ್ಕೂ ಹೌದೆಂದರೆ ಅದು ಅಶ್ಲೀಲ.

1976ರಲ್ಲಿ ಮೆಂಫಿಸ್ ನಗರದ ಕೋರ್ಟು ಪೆರೈನೊ ಮನೆತನದವರ ಜೊತೆಗೆ ಚಿತ್ರದ ನಟ ಹ್ಯಾರಿ ರೀಮ್ಸ್‌ಗೂ ತಪ್ಪಿತಸ್ಥ ಎಂದಿತು. ಒಬ್ಬ ನಟನನ್ನು ಹೀಗೆ ಶಿಕ್ಷಿಸಬಹುದೇ ಎಂದು ಹಾಲಿವುಡ್ಡಿನ ದೊಡ್ಡ ತಾರೆಯರು ಅವನ ಪರ ನಿಂತರು, ಹೆಸರಾಂತ ವಕೀಲರು ವಾದಿಸಿದರು. ಚಿತ್ರ ತೆಗೆದದ್ದು ಮಿಲ್ಲರ್ ತೀರ್ಪಿಗೆ ಮುಂಚೆಯಾದ್ದರಿಂದ 1977ರಲ್ಲಿ ಅವನ ಮೇಲಿನ ತೀರ್ಪು ರದ್ದಾಯಿತು. ಅಷ್ಟರಲ್ಲಿ ಲಂಡನ್ನಿನಲ್ಲೂ ಒಂದು ವಿಚಾರಣೆ ಮುಗಿದಿತ್ತು. ಲಿಂಡಾಳ ಹೆಸರಿನಲ್ಲಿ ಅಚ್ಚಾಗಿದ್ದ ಒಂದು ಪುಸ್ತಕ ಅಶ್ಲೀಲವೇ ಎಂದು 1976ರಲ್ಲಿ ಅಲ್ಲಿ ವಿಚಾರಣೆ ನಡೆದು, ಅಲ್ಲವೆಂದು ತೀರ್ಮಾನವಾಗಿತ್ತು. ಆ ಪುಸ್ತಕದ ಮಾತುಗಳು ತನ್ನವಲ್ಲ ಎಂದು ಲಿಂಡಾ ಆಮೇಲೆ ಹೇಳಿದಳು.

ಇಷ್ಟೂ ಮೊಕದ್ದಮೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಎಲ್ಲದರಲ್ಲೂ ತೀರ್ಮಾನವಾಗಬೇಕಿದ್ದ ಪ್ರಶ್ನೆ ಒಂದೇ: ಇದು ಅಶ್ಲೀಲವೇ, ಅಲ್ಲವೇ? ನೋಡುವವನ ಮನಸ್ಸು ಕೆಡುತ್ತದೆಯೇ? ಸಮಾಜದ ಮರ್ಯಾದೆ ಹೋಗುತ್ತದೆಯೇ? ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯೇ? ಪರದೆಯ ಮೇಲಿರುವ ಹೆಂಗಸು ಒಪ್ಪಿ ಬಂದಿದ್ದಳೇ, ಹೊಡೆದು ತಂದರೇ ಎಂಬುದು ಆ ಕಾನೂನಿನ ಪ್ರಶ್ನೆಯೇ ಅಲ್ಲ. ನಿಷೇಧ ಮಾಡಿ ಎಂದವರೂ ಅವಳನ್ನು ಕೇಳಲಿಲ್ಲ, ನಿಷೇಧ ಬೇಡ ಎಂದವರೂ ಕೇಳಲಿಲ್ಲ. ಕೇಳಿದ್ದರೂ ಕಾನೂನು ಏನು ಮಾಡುತ್ತಿತ್ತು? 1972ರಲ್ಲಿ ಅಮೆರಿಕದಲ್ಲಿ ಹೆಂಡತಿಯ ಮೇಲೆ ಗಂಡ ನಡೆಸುವ ಅತ್ಯಾಚಾರ ಅಪರಾಧವೇ ಆಗಿರಲಿಲ್ಲ. ಆ ವಿನಾಯಿತಿಯನ್ನು ಮೊದಲು ತೆಗೆದದ್ದು ನೆಬ್ರಾಸ್ಕ ರಾಜ್ಯ, 1976ರಲ್ಲಿ. ಐವತ್ತೂ ರಾಜ್ಯಗಳಲ್ಲಿ ಅದು ಅಪರಾಧವಾಗಲು 1993 ಆಗಬೇಕಾಯಿತು.

ಲಿಂಡಾ ಗಂಡನಿಂದ ತಪ್ಪಿಸಿಕೊಂಡು 1974ರಲ್ಲಿ ವಿಚ್ಛೇದನ ಪಡೆದಳು. ಮರುಮದುವೆಯಾಗಿ ಇಬ್ಬರು ಮಕ್ಕಳ ತಾಯಿಯಾದಳು. 1980ರಲ್ಲಿ 'ಆರ್ಡೀಲ್' ಎಂಬ ಪುಸ್ತಕ ಹೊರತಂದು ನಡೆದದ್ದನ್ನೆಲ್ಲಾ ಹೇಳಿದಳು. ಪ್ರಕಾಶಕರು ಅಚ್ಚು ಹಾಕುವ ಮೊದಲು ಆಕೆಯನ್ನು ಸುಳ್ಳು ಪತ್ತೆ ಪರೀಕ್ಷೆಗೆ ಒಳಪಡಿಸಿದರು. ಗಂಡಸರ ಎಷ್ಟು ಆತ್ಮಕಥೆಗಳಿಗೆ ಇಂಥ ಪರೀಕ್ಷೆ ನಡೆದಿದೆ, ನೀವೇ ಹೇಳಿ.

ಆಗ ಜನ ಏನೆಂದರು? ನಮ್ಮ ಊರ ಪಂಚಾಯಿತಿಯಲ್ಲಿ ಕೇಳುವುದನ್ನೇ ಕೇಳಿದರು. ಅಷ್ಟು ಕಷ್ಟವಿದ್ದರೆ ಓಡಿಹೋಗಬಹುದಿತ್ತಲ್ಲ? ಆಗ ಪತ್ರಿಕೆಗಳ ಮುಂದೆ ಖುಷಿಯಾಗಿದ್ದೇನೆ ಎಂದಿದ್ದಳಲ್ಲ? ಚಿತ್ರದಲ್ಲಿ ನಗುತ್ತಿದ್ದಾಳಲ್ಲ? ಆಕೆಯನ್ನು ಮುಂಚೆ ಬಲ್ಲ ಕೆಲವರೂ ನಂಬಲಿಲ್ಲ. ಸಹೋದರಿಯರೇ, ವರದಕ್ಷಿಣೆ ಸಾವಿನ ಪ್ರಕರಣಗಳಲ್ಲಿ ನಾವು ಕೇಳಿಲ್ಲವೇ ಈ ಮಾತು? ಹಬ್ಬದ ದಿನ ತವರಿಗೆ ಬಂದಾಗ ನಗುನಗುತ್ತಾ ಇದ್ದಳಲ್ಲ, ಗಂಡನ ಜೊತೆ ಫೋಟೊ ತೆಗೆಸಿಕೊಂಡಿದ್ದಾಳಲ್ಲ ಎಂದು ವಕೀಲರು ಆ ಫೋಟೊವನ್ನೇ ಕೋರ್ಟಿಗೆ ತರುತ್ತಾರೆ. ಹೊಡೆತಕ್ಕೆ ಹೆದರಿ ಅಡುಗೆ ಮಾಡುವವಳು ಹೊಡೆತಕ್ಕೆ ಹೆದರಿ ನಗುವುದೂ ಉಂಟೆಂದು ನಮಗೆ ಗೊತ್ತು. ನಗು ಒಪ್ಪಿಗೆಯಲ್ಲ.

ಅಮೆರಿಕದ ಮಹಿಳಾ ಚಳವಳಿಯ ಒಂದು ಭಾಗ ಅವಳ ಪರ ನಿಂತಿತು. ಲೇಖಕಿ ಗ್ಲೋರಿಯಾ ಸ್ಟೈನಮ್ ಅವಳ ಬಗ್ಗೆ ಬರೆದರು. ಆಂಡ್ರಿಯಾ ಡ್ವರ್ಕಿನ್ ಮತ್ತು ಕಾನೂನು ಪಂಡಿತೆ ಕ್ಯಾಥರಿನ್ ಮ್ಯಾಕಿನಾನ್ ಹೊಸದೊಂದು ಕಾನೂನಿನ ಕರಡು ಬರೆದರು. ಅಶ್ಲೀಲ ಎಂಬ ಹಳೆಯ ಮಾತನ್ನೇ ಅವರು ಬಿಟ್ಟರು. ಹೆಣ್ಣನ್ನು ಹೊಡೆದು, ಬೆದರಿಸಿ ಚಿತ್ರದಲ್ಲಿ ನಟಿಸುವಂತೆ ಮಾಡಿದ್ದರೆ, ಅಥವಾ ಯಾರನ್ನಾದರೂ ಬಲವಂತದಿಂದ ಇಂಥ ಚಿತ್ರ ನೋಡುವಂತೆ ಮಾಡಿದ್ದರೆ, ಆಕೆ ತಾನೇ ದಾವೆ ಹೂಡಿ ಪರಿಹಾರ ಪಡೆಯಬಹುದು ಎಂದರು. ಪೊಲೀಸರ ಕೈಯಲ್ಲಿದ್ದ ಲಾಠಿಯ ಬದಲು ಹೆಣ್ಣಿನ ಕೈಗೆ ಅರ್ಜಿ ಕೊಡುವ ಯೋಚನೆ. 1983ರ ಡಿಸೆಂಬರಿನಲ್ಲಿ ಮಿನಿಯಾಪೊಲಿಸ್ ನಗರಸಭೆಯ ಮುಂದೆ ಲಿಂಡಾ ಸಾಕ್ಷಿ ಹೇಳಿದಳು. ಆ ಚಿತ್ರವನ್ನು ನೋಡುವವರು ನೋಡುತ್ತಿರುವುದು ತನ್ನ ಮೇಲಿನ ಅತ್ಯಾಚಾರವನ್ನು ಎಂಬುದು ಅವಳ ಸಾಕ್ಷ್ಯದ ತಿರುಳು.

ನಗರಸಭೆ ಒಪ್ಪಿತು, ಮೇಯರ್ ತಡೆದರು. 1984ರಲ್ಲಿ ಇಂಡಿಯಾನಾಪೊಲಿಸ್ ನಗರ ಇಂಥದೇ ಕಾನೂನು ಮಾಡಿತು. ಪುಸ್ತಕ ವ್ಯಾಪಾರಿಗಳು ಕೋರ್ಟಿಗೆ ಹೋದರು. ಈ ಕಾನೂನು ಹೆಣ್ಣನ್ನು ಕೀಳಾಗಿ ತೋರಿಸುವ ಎಲ್ಲಾ ಚಿತ್ರ, ಬರಹಗಳಿಗೂ ಅನ್ವಯಿಸುತ್ತದೆ, ಯಾವ ಅಭಿಪ್ರಾಯ ಸರಿ ಎಂದು ಸರ್ಕಾರ ಹೇಳುವಂತಿಲ್ಲ ಎಂದು 1985ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು. 1986ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಈ ಕಾನೂನನ್ನು ವಿರೋಧಿಸಿದವರಲ್ಲಿ ಸ್ತ್ರೀವಾದಿಗಳೂ ಇದ್ದರು ಎಂಬುದನ್ನು ಮುಚ್ಚಿಡಬಾರದು. ಸರ್ಕಾರದ ಕೈಗೆ ಕತ್ತರಿ ಕೊಟ್ಟರೆ ಅದು ಮೊದಲು ಕತ್ತರಿಸುವುದು ನಮ್ಮ ಮಾತನ್ನೇ ಎಂಬುದು ಅವರ ಆತಂಕ. ಆ ಆತಂಕ ಸುಳ್ಳಾಗಲಿಲ್ಲ. 1992ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಬಟ್ಲರ್ ಪ್ರಕರಣದಲ್ಲಿ, ಹೆಣ್ಣಿಗೆ ಆಗುವ ಹಾನಿಯೇ ಅಶ್ಲೀಲದ ಅಳತೆ ಎಂದು ಹೇಳಿತು. ಮಹಿಳಾ ಸಂಘಟನೆಗಳು ಸಂಭ್ರಮಿಸಿದವು. ಆದರೆ ಅದೇ ವರ್ಷ ಪೊಲೀಸರು ದಾಳಿ ಮಾಡಿದ್ದು ಟೊರೊಂಟೊದ ಒಂದು ಸಣ್ಣ ಪುಸ್ತಕದಂಗಡಿಯ ಮೇಲೆ. ಹಿಡಿದದ್ದು ಹೆಣ್ಣನ್ನು ಪ್ರೀತಿಸುವ ಹೆಂಗಸರೇ ತಮಗಾಗಿ ಹೊರಡಿಸುತ್ತಿದ್ದ ಪತ್ರಿಕೆಯನ್ನು. ದೊಡ್ಡ ವ್ಯಾಪಾರ ತನ್ನ ಪಾಡಿಗೆ ನಡೆದೇ ಇತ್ತು.

ಅಮೆರಿಕದಲ್ಲೂ ವ್ಯಾಪಾರ ಭೂಗತದಿಂದ ಮೇಲಕ್ಕೆ ಬಂತು. 1988ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಚಿತ್ರಕ್ಕಾಗಿ ನಟರಿಗೆ ಹಣ ಕೊಡುವುದು ತಲೆಹಿಡುಕತನವಲ್ಲ ಎಂದಿತು. ನಟಿಯೊಬ್ಬಳು ಹದಿನೆಂಟು ತುಂಬುವ ಮುಂಚೆಯೇ ಅನೇಕ ಚಿತ್ರಗಳಲ್ಲಿದ್ದಳೆಂದು 1986ರಲ್ಲಿ ಬಯಲಾದ ಮೇಲೆ, ನಟಿಸುವವರ ವಯಸ್ಸಿನ ದಾಖಲೆ ಇಡಬೇಕೆಂಬ ಕಾಯ್ದೆ 1988ರಲ್ಲಿ ಬಂತು. ವಯಸ್ಸಿಗೆ ದಾಖಲೆ ಬಂತು. ಒಪ್ಪಿಗೆಗೆ?

ಆ ಪ್ರಶ್ನೆಯನ್ನು ಕೋರ್ಟು ನೇರವಾಗಿ ಎತ್ತಿಕೊಳ್ಳಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ 'ಗರ್ಲ್ಸ್ ಡೂ ಪೋರ್ನ್' ಎಂಬ ಸಂಸ್ಥೆ, ಮಾಡೆಲಿಂಗ್ ಕೆಲಸವೆಂದು ಜಾಹೀರಾತು ಕೊಟ್ಟು ಹುಡುಗಿಯರನ್ನು ಕರೆಸಿ, ಚಿತ್ರವನ್ನು ದೂರದೇಶದಲ್ಲಿ ಮಾತ್ರ ಮಾರುತ್ತೇವೆ, ಇಂಟರ್‌ನೆಟ್‌ಗೆ ಹಾಕುವುದಿಲ್ಲ ಎಂದು ನಂಬಿಸಿ ಮೋಸ ಮಾಡಿತ್ತು. 22 ಹೆಂಗಸರು ಒಟ್ಟಾಗಿ ದಾವೆ ಹೂಡಿದರು. ಅವರು ಕೇಳಿದ್ದು ಅಶ್ಲೀಲದ ಮಾತಲ್ಲ. ಮೋಸ, ಬಲವಂತದ ಮಾತು. 2020ರ ಜನವರಿಯಲ್ಲಿ ಸುಮಾರು 1 ಕೋಟಿ 27 ಲಕ್ಷ ಡಾಲರ್ ಪರಿಹಾರದ ತೀರ್ಪಾಯಿತು. ದೇಶ ಬಿಟ್ಟು ಓಡಿಹೋಗಿದ್ದ ಮಾಲೀಕ 2022ರಲ್ಲಿ ಸ್ಪೇನಿನಲ್ಲಿ ಸಿಕ್ಕಿಬಿದ್ದ. 2025ರಲ್ಲಿ ಅವನಿಗೆ 27 ವರ್ಷ ಜೈಲು ಶಿಕ್ಷೆಯಾಯಿತು. ಒಬ್ಬೊಬ್ಬಳೇ ಹೋಗಿದ್ದರೆ ನೀನು ಸಹಿ ಮಾಡಿದ್ದೀಯಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದರು. ಇಪ್ಪತ್ತೆರಡು ಜನ ಒಟ್ಟಿಗೆ ನಿಂತದ್ದರಿಂದ ಆಯಿತು. ಸಂಘ ಎಂದರೆ ಅದೇ ತಾನೆ?

ಇಷ್ಟೆಲ್ಲಾ ಓದಿ ನನಗೆ ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಅಶ್ಲೀಲ ಎಂಬ ಮಾತಿನ ಸುತ್ತ ನಡೆಯುವ ಗದ್ದಲದಿಂದ ನಮಗೆ ಲಾಭವಿಲ್ಲ. ಅದು ಹೆಣ್ಣಿನ ಮೈಯನ್ನೇ ನಾಚಿಕೆಯ ವಸ್ತು ಮಾಡುತ್ತದೆ. ಹೊಡೆದವನನ್ನು ಬಿಟ್ಟು ಹೊಡೆತ ತಿಂದವಳನ್ನು ತಲೆತಗ್ಗಿಸುವಂತೆ ಮಾಡುತ್ತದೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಅವಳು ಒಪ್ಪಿದ್ದಳೇ? ಇಲ್ಲವೆನ್ನುವ ಸ್ವಾತಂತ್ರ್ಯ ಅವಳಿಗಿತ್ತೇ? ದುಡ್ಡು ಯಾರ ಕೈಗೆ ಹೋಯಿತು?

ಈ ಪ್ರಶ್ನೆಗಳನ್ನು ಕೇಳಲು ನಮ್ಮಲ್ಲಿ ಈಗ ದಾರಿಗಳಿವೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಲೈಂಗಿಕ ದೌರ್ಜನ್ಯವನ್ನೂ ದೌರ್ಜನ್ಯವೆಂದೇ ಹೇಳುತ್ತದೆ. ಹೆಣ್ಣಿನ ಘನತೆಗೆ ಕುಂದು ತರುವ, ಅವಮಾನಿಸುವ ಯಾವುದೇ ಲೈಂಗಿಕ ನಡವಳಿಕೆ ಅದರಲ್ಲಿ ಬರುತ್ತದೆ. ಮಾಡಿದವನು ಗಂಡನಾದರೂ ಸರಿಯೇ. ಆ ಕಾಯ್ದೆಯ ನಿಯಮಗಳಲ್ಲಿ ದೌರ್ಜನ್ಯದ ವರದಿ ಬರೆಯುವ ಒಂದು ನಮೂನೆಯಿದೆ. ಬಲವಂತದ ಸಂಭೋಗ, ಅಶ್ಲೀಲ ಚಿತ್ರ ನೋಡುವಂತೆ ಬಲವಂತ, ಇತರರ ಮನರಂಜನೆಗೆ ಬಲವಂತವಾಗಿ ಬಳಸಿಕೊಳ್ಳುವುದು ಎಂದು ಅದರಲ್ಲಿ ಬಿಡಿಬಿಡಿಯಾಗಿ ಪಟ್ಟಿ ಮಾಡಲಾಗಿದೆ. ಓದಿದಾಗ ನನಗೆ ಲಿಂಡಾಳ ನೆನಪಾಯಿತು. ಅವಳ ಇಡೀ ಬಾಳು ಆ ಮೂರು ಸಾಲಿನಲ್ಲಿತ್ತು.

ವಿಡಿಯೊ ವಿಷಯಕ್ಕೂ ಕಾನೂನಿದೆ. ಒಬ್ಬರ ಖಾಸಗಿ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಕಲಮಿನಲ್ಲಿ ಅಪರಾಧ. ಲೈಂಗಿಕ ಚಿತ್ರಗಳನ್ನು ಫೋನಿನಲ್ಲಿ, ಇಂಟರ್‌ನೆಟ್‌ನಲ್ಲಿ ಹರಡುವುದು 67ಎ ಕಲಮಿನಲ್ಲಿ ಅಪರಾಧ. 2013ರಲ್ಲಿ ಬಂದು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಾಗಿರುವ ಕಾನೂನು ಇನ್ನೊಂದು ಮಾತು ಸ್ಪಷ್ಟ ಮಾಡುತ್ತದೆ: ಚಿತ್ರ ತೆಗೆಯಲು ಒಪ್ಪಿದ್ದರೂ ಅದನ್ನು ಹಂಚಲು ಒಪ್ಪಿಲ್ಲದಿದ್ದರೆ ಹಂಚುವುದು ಅಪರಾಧವೇ. ಗಂಡನ ಮೇಲಿನ ನಂಬಿಕೆಯಿಂದ ಅಥವಾ ಹೆದರಿಕೆಯಿಂದ ಸುಮ್ಮನಿದ್ದವಳೂ ದೂರು ಕೊಡಬಹುದು.

ಒಂದು ಗೋಡೆ ಮಾತ್ರ ಇನ್ನೂ ಬಿದ್ದಿಲ್ಲ. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರಕ್ಕೆ ಅತ್ಯಾಚಾರದ ಕಲಮಿನಲ್ಲಿದ್ದ ವಿನಾಯಿತಿಯನ್ನು ಹೊಸ ಸಂಹಿತೆಯೂ ಉಳಿಸಿಕೊಂಡಿತು. 2022ರ ಮಾರ್ಚಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಅಂಥ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ನಿರಾಕರಿಸಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಈ ವಿನಾಯಿತಿ ಹೋಗಬೇಕು. ಅದಕ್ಕಾಗಿ ದನಿ ಎತ್ತುವುದು ನಮ್ಮ ಕೆಲಸ.

ಚಿತ್ರ ಹೆಣ್ಣಿನ ಮಾನಕ್ಕೆ ಕಳಂಕವಲ್ಲ, ಅಪರಾಧಿಯ ವಿರುದ್ಧದ ಸಾಕ್ಷಿ ಎಂಬುದನ್ನು ನಾವು ಇತ್ತೀಚೆಗೆ ಕಂಡಿದ್ದೇವೆ. 2024ರಲ್ಲಿ ಹಾಸನದಲ್ಲಿ ಪೆನ್ ಡ್ರೈವ್‌ಗಳು ಹರಿದಾಡಿದಾಗ ಹೆಂಗಸರ ಮುಖವನ್ನೂ ಮರೆಮಾಡದೆ ಹಂಚಿದರು. ಎಷ್ಟೋ ಮನೆಗಳಲ್ಲಿ ಬೆಂಕಿ ಬಿತ್ತು. ಆದರೂ ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ಧೈರ್ಯವಾಗಿ ದೂರು ಕೊಟ್ಟಳು. 2025ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದನೊಬ್ಬನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕೋರ್ಟು ಸರಿಯಾದ ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಹಾಗಾಗಿ ಪ್ರತಿ ಸಂಘವೂ ಕೆಲವು ಠರಾವು ಮಾಡಿಕೊಳ್ಳಲಿ. ಇಂಥ ವಿಡಿಯೊ ಯಾರ ಫೋನಿಗೆ ಬಂದರೂ ಮುಂದೆ ಕಳಿಸುವುದಿಲ್ಲ. ಅದರಲ್ಲಿರುವವಳು ಯಾರೆಂದು ಊರಲ್ಲಿ ಮಾತಾಡುವುದಿಲ್ಲ. ಯಾರಾದರೂ ಹೇಳಿಕೊಂಡರೆ ಮೊದಲು ನಂಬುತ್ತೇವೆ. ಬೆದರಿಕೆಯ ಮೆಸೇಜು ಅಳಿಸದೆ ಸಾಕ್ಷಿಗಾಗಿ ಇಟ್ಟುಕೊಳ್ಳಲು ಹೇಳುತ್ತೇವೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ. ಅವರ ಕಚೇರಿಗೆ ಅವಳೊಬ್ಬಳನ್ನೇ ಕಳಿಸದೆ ಇಬ್ಬರು ಜೊತೆಗೆ ಹೋಗುತ್ತೇವೆ. ಮಹಿಳಾ ಸಹಾಯವಾಣಿ 181, ಸೈಬರ್ ಅಪರಾಧದ ದೂರಿಗೆ 1930. ಈ ಎರಡು ನಂಬರು ನಡಾವಳಿ ಪುಸ್ತಕದ ಮೊದಲ ಪುಟದಲ್ಲಿರಲಿ.

ಚಳವಳಿಯವರಾದ ನಮಗೂ ಲಿಂಡಾ ಒಂದು ಮಾತು ಉಳಿಸಿ ಹೋಗಿದ್ದಾಳೆ. ಅವಳ ಹೆಸರು ಹೇಳಿಕೊಂಡು ಎಷ್ಟೋ ಪುಸ್ತಕ, ಭಾಷಣ ಆದವು. ತನಗೆ ಮಾತ್ರ ಯಾರೂ ಹಣದ ಆಸರೆಯಾಗಲಿಲ್ಲ ಎಂದು ಕೊನೆಗಾಲದಲ್ಲಿ ಅವಳು ನೊಂದು ಹೇಳಿದಳು. ಅಪಘಾತದ ವೇಳೆ ಕೊಟ್ಟ ರಕ್ತದಿಂದ ಬಂದ ಕಾಯಿಲೆಗೆ ಯಕೃತ್ತನ್ನೇ ಬದಲಾಯಿಸಬೇಕಾಗಿ ಬಂದಿತ್ತು. ಕಡೆಗೆ 2001ರಲ್ಲಿ ಗಂಡಸರ ಪತ್ರಿಕೆಯೊಂದಕ್ಕೆ ಮತ್ತೆ ಫೋಟೊ ಕೊಟ್ಟಳು. ಆಗ ಕೆಲವರು, ನೋಡಿ ಇವಳ ಬಣ್ಣ ಬಯಲಾಯಿತು ಎಂದರು. ನಾನು ಹಾಗೆನ್ನಲಾರೆ. ಸಾಕ್ಷಿ ಹೇಳಲು ಕರೆದವಳಿಗೆ ಸಾಕ್ಷಿ ಮುಗಿದ ಮೇಲೂ ಅನ್ನ ಬೇಕು. ನಮ್ಮಲ್ಲೂ ಮೆರವಣಿಗೆಯ ಮುಂದೆ ನಿಲ್ಲಿಸಿದ ಹೆಣ್ಣುಮಕ್ಕಳನ್ನು ಕೇಸು ಮುಗಿದ ಮೇಲೆ ಹೋಗಿ ನೋಡಿದವರೆಷ್ಟು ಮಂದಿ? ಸಂಘದ ಸಾಲ, ಒಂದು ಹೊಲಿಗೆ ಯಂತ್ರ, ಎರಡು ಕುರಿ. ತೀರ್ಪಿನಷ್ಟೇ ಮುಖ್ಯ ಇವು.

ಲಿಂಡಾ 2002ರ ಏಪ್ರಿಲ್‌ನಲ್ಲಿ ಮತ್ತೊಂದು ಕಾರು ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡಳು. ವಯಸ್ಸು 53.

ಅಂದು ಸಂಘದಲ್ಲಿ ಇಷ್ಟನ್ನೂ ಕೇಳಿದ ಹಿರಿಯಾಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಅವಳ ಗಂಡನಿಗೆ ಏನಾಯ್ತು?" ಎಂದು ಕೇಳಿದರು. ಏನೂ ಆಗಲಿಲ್ಲ ಎಂದೆ. ಅವನು ಇನ್ನೊಬ್ಬ ನೀಲಿಚಿತ್ರ ನಟಿಯನ್ನು ಮದುವೆಯಾಗಿ ಅವಳ ವ್ಯವಹಾರವನ್ನೂ ನೋಡಿಕೊಂಡ. ಲಿಂಡಾ ಸತ್ತ ಮೂರು ತಿಂಗಳಿಗೆ ಸತ್ತ. ಅವಳಿಗೆ ಮಾಡಿದ್ದಕ್ಕಾಗಿ ಯಾವ ಕೋರ್ಟಿನ ಕಟಕಟೆಯನ್ನೂ ಹತ್ತಲಿಲ್ಲ.

ಹಿರಿಯಾಕೆ ಹಾಕಿಕೊಂಡಿದ್ದ ಚಪ್ಪಲಿ ಬಿಚ್ಚಿಟ್ಟು ಮತ್ತೆ ಒಳಗೆ ಬಂದು ಆ ಹುಡುಗಿಯ ಪಕ್ಕ ಕೂತರು. "ಸೋಮವಾರ ಆ ಆಫೀಸಿಗೆ ನಾನೂ ಬರ್ತೀನಿ ಕಣವ್ವಾ" ಎಂದರು.